‘ಭಾಗ 1’ ಎಂಬ ತಮಾಷೆಯಿಂದ ಹುಟ್ಟಿದ ಮಹಾಕಥನ

1992ರಲ್ಲಿ ಅಮೆರಿಕದ ಡ್ರೀಮ್ ಥಿಯೇಟರ್ ತಂಡ ‘ಇಮೇಜಸ್ ಆ್ಯಂಡ್ ವರ್ಡ್ಸ್’ ಆಲ್ಬಂ ಹೊರತಂದಾಗ, ಅದರಲ್ಲಿದ್ದ ‘ಮೆಟ್ರೊಪೊಲಿಸ್’ ಹಾಡಿನ ಹೆಸರಿನ ಜೊತೆ ‘ಭಾಗ 1’ ಎಂದೂ ಇತ್ತು. ಗಿಟಾರ್ ವಾದಕ ಜಾನ್ ಪೆಟ್ರೂಚಿ ಅದನ್ನು ಸೇರಿಸಿದ್ದು ತಮಾಷೆಗೆ. ಕೇಳುಗರು ಅದನ್ನು ನಿಜವೆಂದೇ ನಂಬಿ, ಎರಡನೇ ಭಾಗ ಯಾವಾಗ ಎಂದು ಕೇಳುತ್ತಲೇ ಹೋದರು. ಏಳು ವರ್ಷಗಳ ನಂತರ ಅವರಿಗೆ ಸಿಕ್ಕಿದ್ದು ಒಂದು ಹಾಡಲ್ಲ, 77 ನಿಮಿಷಗಳ ಇಡೀ ಕಥೆ: ‘ಸೀನ್ಸ್ ಫ್ರಮ್ ಎ ಮೆಮೊರಿ’. ದಿಕ್ಕು ತಪ್ಪಿದ್ದ ತಂಡ ತನ್ನತನಕ್ಕೆ ಮರಳಿದ್ದು ಆ ಆಲ್ಬಂನಿಂದ.

ಪೆಟ್ರೂಚಿ, ಬೇಸ್ ವಾದಕ ಜಾನ್ ಮ್ಯುಂಗ್ ಮತ್ತು ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ 1985ರಲ್ಲಿ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳಾಗಿದ್ದಾಗ ಕಟ್ಟಿದ ತಂಡವಿದು. ಹೆವಿ ಮೆಟಲ್‌ನ ಬಿರುಸು, ಪ್ರೋಗ್ರೆಸಿವ್ ರಾಕ್‌ನ ನೀಳ ರಚನೆ, ನಡುನಡುವೆ ಬದಲಾಗುವ ತಾಳ ಅವರ ಶೈಲಿಯಾಯಿತು. ‘ಇಮೇಜಸ್ ಆ್ಯಂಡ್ ವರ್ಡ್ಸ್’ನ ಎಂಟು ನಿಮಿಷದ ಹಾಡು ‘ಪುಲ್ ಮಿ ಅಂಡರ್’ ಎಂಟಿವಿಯಲ್ಲೂ ಓಡಿತು. ಆ ಯಶಸ್ಸೇ ಮುಂದೆ ಹೊರೆಯಾಯಿತು. ರೆಕಾರ್ಡ್ ಕಂಪನಿ ಅಂಥದ್ದೇ ಇನ್ನೊಂದು ಹಿಟ್‌ಗಾಗಿ ಕಾದು ಕುಳಿತಿತು.

1997ರ ‘ಫಾಲಿಂಗ್ ಇಂಟು ಇನ್ಫಿನಿಟಿ’ ಆ ಒತ್ತಡದ ಕೂಸು. ಎರಡು ಸಿಡಿಗಳಿಗೆ ಆಗುವಷ್ಟು ಸಂಗೀತವಿದ್ದರೂ ಒಂದೇ ಸಿಡಿಗೆ ಒಪ್ಪಿಗೆ ಸಿಕ್ಕಿತು. ಒಂದು ಹಾಡನ್ನು ತಿದ್ದಲು ಹಿಟ್ ಗೀತೆಗಳ ರಚನಕಾರ ಡೆಸ್ಮಂಡ್ ಚೈಲ್ಡ್ ಅವರನ್ನು ಕರೆತರಲಾಯಿತು. 1996ರಲ್ಲೇ ಸಿದ್ಧಪಡಿಸಿದ್ದ ‘ಮೆಟ್ರೊಪೊಲಿಸ್ ಭಾಗ 2’ರ ಸುಮಾರು 21 ನಿಮಿಷಗಳ ಡೆಮೊ ಮೂಲೆಗೆ ಬಿತ್ತು. ಬೇಸತ್ತ ಪೋರ್ಟ್‌ನಾಯ್ ತಂಡವನ್ನೇ ಬಿಡುವ ಯೋಚನೆಗೆ ಬಂದಿದ್ದರು.

ಹೊಸ ಉಸಿರು ಬಂದದ್ದು ಹೊರಗಿನಿಂದ. ‘ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್’ ಎಂಬ ವಾದ್ಯಸಂಗೀತದ ತಂಡದಲ್ಲಿ ಪೋರ್ಟ್‌ನಾಯ್, ಪೆಟ್ರೂಚಿ ಇಬ್ಬರೂ ಜೋರ್ಡನ್ ರುಡೆಸ್ ಜೊತೆ ನುಡಿಸಿದ್ದರು. ಒಂಬತ್ತನೇ ವಯಸ್ಸಿಗೇ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿದ್ದ ಪಿಯಾನೊ ವಾದಕ ರುಡೆಸ್. ಮೂವರ ನಡುವೆ ಸಂಗೀತ ಸಲೀಸಾಗಿ ಹರಿಯಿತು. 1999ರಲ್ಲಿ ಡ್ರೀಮ್ ಥಿಯೇಟರ್‌ನ ಕೀಬೋರ್ಡ್ ವಾದಕ ಡೆರೆಕ್ ಶೆರಿನಿಯನ್ ಅವರ ಜಾಗಕ್ಕೆ ರುಡೆಸ್ ಬಂದರು. ಮುಂದಿನ ಆಲ್ಬಂನಲ್ಲಿ ಹೊರಗಿನವರು ಯಾರೂ ಕೈಹಾಕಬಾರದು ಎಂದು ತಂಡ ಪಟ್ಟು ಹಿಡಿಯಿತು, ಕಂಪನಿ ಮಣಿಯಿತು.

ಧ್ವನಿಮುದ್ರಣಕ್ಕೆ ಅವರು ಹೋದದ್ದು ನ್ಯೂಯಾರ್ಕ್ ರಾಜ್ಯದ ಸಫರ್ನ್‌ನಲ್ಲಿದ್ದ ಬೇರ್‌ಟ್ರ್ಯಾಕ್ಸ್ ಸ್ಟುಡಿಯೊಗೆ. ‘ಇಮೇಜಸ್ ಆ್ಯಂಡ್ ವರ್ಡ್ಸ್’ ಮೂಡಿಬಂದದ್ದೂ ಅಲ್ಲೇ. ಈ ಸಲ ನಿರ್ಮಾಪಕರ ಕುರ್ಚಿಯಲ್ಲಿ ಪೋರ್ಟ್‌ನಾಯ್ ಮತ್ತು ಪೆಟ್ರೂಚಿ ಕುಳಿತರು. ದ ಹೂ ತಂಡದ ‘ಟಾಮಿ’, ಪಿಂಕ್ ಫ್ಲಾಯ್ಡ್‌ನ ‘ದ ವಾಲ್’, ಕ್ವೀನ್ಸ್‌ರೈಕ್‌ನ ‘ಆಪರೇಷನ್: ಮೈಂಡ್‌ಕ್ರೈಮ್’ನಂಥ ಕಥನ ಆಲ್ಬಂಗಳು ಕಣ್ಣ ಮುಂದಿದ್ದವು. ಮೂಲೆ ಸೇರಿದ್ದ ಡೆಮೊದ ಸ್ವರಗಳೂ ಹೊರಬಂದವು.

ಕಥೆ ಪುನರ್ಜನ್ಮದ್ದು. ಕನಸುಗಳ ಕಾಟಕ್ಕೆ ಸಿಕ್ಕ ನಿಕೊಲಸ್, ಸಂಮೋಹನ ಚಿಕಿತ್ಸೆಯಲ್ಲಿ ತನ್ನ ಹಿಂದಿನ ಜನ್ಮ ಕಾಣುತ್ತಾನೆ. ಅಲ್ಲಿ ಅವನು ವಿಕ್ಟೋರಿಯಾ ಎಂಬ ಯುವತಿ, 1928ರಲ್ಲಿ ಕೊಲೆಯಾದವಳು. ಅವಳನ್ನು ಬಯಸಿದ್ದು ಜೂಲಿಯನ್, ಎಡ್ವರ್ಡ್ ಎಂಬ ಅಣ್ಣತಮ್ಮಂದಿರು. ಎರಡು ಅಂಕ, ಒಂಬತ್ತು ದೃಶ್ಯಗಳಲ್ಲಿ ಕೊಲೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಈ ತಂಡದ ಮೇಲೆ ಹಳೆಯ ದೂರೊಂದಿದೆ: ಬೆರಳ ಚಳಕ ಹೆಚ್ಚು, ಭಾವ ಕಡಿಮೆ. ಇಲ್ಲಿ ಕಥೆಯೇ ಅದಕ್ಕೆ ಉತ್ತರ ಕೊಟ್ಟಿತು ಎಂದು ನಾನು ನಂಬುತ್ತೇನೆ. ಆರು ನಿಮಿಷ ಚಿಲ್ಲರೆಯ ‘ದ ಡ್ಯಾನ್ಸ್ ಆಫ್ ಇಟರ್ನಿಟಿ’ ವಾದ್ಯಕೃತಿಯಲ್ಲಿ ತಾಳ ನೂರಕ್ಕೂ ಹೆಚ್ಚು ಬಾರಿ ಬದಲಾಗುತ್ತದೆ. ಬಿಡಿಯಾಗಿ ಕೇಳಿದರೆ ಕಸರತ್ತು ಅನ್ನಿಸಬಹುದು. ಕಥೆಯೊಳಗೆ ಕೇಳಿದಾಗ ಮಾತ್ರ ಅದು ಎರಡು ಜನ್ಮಗಳ ನಡುವಿನ ತಳಮಳ. ನಡುವೆ ನುಸುಳುವ ರ‍್ಯಾಗ್‌ಟೈಮ್ ಪಿಯಾನೊ ವಿಕ್ಟೋರಿಯಾಳ ಕಾಲದ ದನಿ. ‘ದ ಸ್ಪಿರಿಟ್ ಕ್ಯಾರೀಸ್ ಆನ್’ ಹಾಡಿನಲ್ಲಿ ತೆರೇಸಾ ಥಾಮಸನ್ ಅವರ ಗಾಸ್ಪೆಲ್ ಕಂಠ ಸೇರುವಾಗ ಆ ಚಳಕವೆಲ್ಲ ಹಿಂದೆ ಸರಿದು, ಸಾವಿನ ಭಯ ಕಳೆದ ಮನುಷ್ಯನ ಸಮಾಧಾನವೊಂದೇ ಉಳಿಯುತ್ತದೆ.

ಆಲ್ಬಂ 1999ರ ಅಕ್ಟೋಬರ್ 26ರಂದು ಬಂತು. ಮರುವರ್ಷದ ಆಗಸ್ಟ್ 30ರಂದು ನ್ಯೂಯಾರ್ಕ್‌ನ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ, ಗಾಸ್ಪೆಲ್ ಗಾಯನವೃಂದದೊಂದಿಗೆ ತಂಡ ಅದನ್ನು ಮೊದಲಿಂದ ಕೊನೆಯವರೆಗೆ ನುಡಿಸಿತು. 2002ರ ಮುಂದಿನ ಆಲ್ಬಂ ಎರಡು ಸಿಡಿಗಳಲ್ಲಿ ಬಂತು. ಅದರ ಶೀರ್ಷಿಕೆ ಕೃತಿಯೊಂದೇ 42 ನಿಮಿಷದ್ದು. ಐದು ವರ್ಷ ಹಿಂದೆ ನಿರಾಕರಿಸಿದ್ದ ಅವಕಾಶ ಈಗ ದಕ್ಕಿತ್ತು. 2009ರವರೆಗೂ ತಂಡದ ಆಲ್ಬಂಗಳನ್ನು ಪೋರ್ಟ್‌ನಾಯ್, ಪೆಟ್ರೂಚಿ ಅವರೇ ನಿರ್ಮಿಸಿದರು. ಹಿಟ್ ಬೆನ್ನಟ್ಟಿದಾಗ ಕಳೆದುಹೋಗಿದ್ದ ಈ ಸ್ವಾತಂತ್ರ್ಯ, ತಮಗೆ ಬೇಕಾದ ಕಥೆಯನ್ನು ತಮಗೆ ಬೇಕಾದಷ್ಟು ಉದ್ದಕ್ಕೆ ಹೇಳಿದಾಗ ಕೈಗೆ ಬಂತು.