ಹೆಸರು ಒಂದೇ, ಸರಕು ಬೇರೆ: ಟ್ರೇಡ್‌ಮಾರ್ಕ್ ಹಕ್ಕು ಎಲ್ಲಿಯವರೆಗೆ?

ಕರ್ನಾಟಕದಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಗೊತ್ತಿಲ್ಲದ ಮನೆ ಇರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಆಂಧ್ರ ಊಟ ಹುಡುಕುವವರಿಗೆ ‘ನಂದಿನಿ ಡಿಲಕ್ಸ್’ ಹೋಟೆಲೂ ಗೊತ್ತು. ಹೆಸರು ಒಂದೇ, ಮಾಲೀಕರು ಬೇರೆ. ಇವರಿಬ್ಬರ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2018ರ ಜುಲೈನಲ್ಲಿ ತೀರ್ಮಾನವಾಯಿತು. ಅಂಗಡಿಗೋ ಕಾಫಿಪುಡಿಗೋ ಹೆಸರಿಡಲು ಹೊರಟವರಿಗೆ ಆ ತೀರ್ಪಿನಲ್ಲಿ ತಿಳಿದುಕೊಳ್ಳಬೇಕಾದ್ದು ಬಹಳ ಇದೆ.

ಹಾಲು ಮಾರುವ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ‘ನಂದಿನಿ’ ಹೆಸರನ್ನು ಬಳಸಲು ಶುರು ಮಾಡಿದ್ದು 1985ರಲ್ಲಿ. ಹೋಟೆಲ್ ಶುರುವಾದದ್ದು 1989ರಲ್ಲಿ. ಮುಂದೆ ಹೋಟೆಲಿನವರು ಹಲವು ಬಗೆಯ ಆಹಾರ ಪದಾರ್ಥಗಳಿಗೂ ಅದೇ ಹೆಸರನ್ನು ನೋಂದಾಯಿಸಲು ಅರ್ಜಿ ಹಾಕಿದಾಗ ಕೆಎಂಎಫ್ ಆಕ್ಷೇಪಿಸಿತು. ಡೆಪ್ಯುಟಿ ರಿಜಿಸ್ಟ್ರಾರ್ ಆಕ್ಷೇಪವನ್ನು ತಳ್ಳಿಹಾಕಿದರು. ಮೇಲ್ಮನವಿ ಮಂಡಳಿ ಕೆಎಂಎಫ್ ಪರ ನಿಂತಿತು, ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಇವೆರಡನ್ನೂ ರದ್ದುಮಾಡಿ ರಿಜಿಸ್ಟ್ರಾರ್ ಆದೇಶವನ್ನು ಉಳಿಸಿತು.

ಕೋರ್ಟ್ ಕೊಟ್ಟ ಕಾರಣಗಳನ್ನು ಬಿಡಿಸಿ ನೋಡಿದರೆ ಈ ಕಾನೂನು ಕೆಲಸ ಮಾಡುವ ರೀತಿ ಅರ್ಥವಾಗುತ್ತದೆ. ಮೊದಲನೆಯದು, ನಂದಿನಿ ಎಂಬುದು ಕೆಎಂಎಫ್ ಹುಟ್ಟಿಸಿದ ಪದವಲ್ಲ. ಪುರಾಣದ ದೇವತೆಯ ಹೆಸರು, ಹಸುವಿನ ಹೆಸರು. ಎರಡನೆಯದು, ಕೆಎಂಎಫ್ ಗುರುತಿನಲ್ಲಿ ಹಸುವಿನ ಚಿತ್ರವಿದೆ, ಹೋಟೆಲಿನದರಲ್ಲಿ ದೀಪವಿದೆ. ಒಟ್ಟು ನೋಟದಲ್ಲಿ ಒಂದನ್ನು ಇನ್ನೊಂದೆಂದು ಗ್ರಾಹಕ ತಿಳಿಯುವಂತಿಲ್ಲ. ಮೂರನೆಯದು, ಇಬ್ಬರ ಆರಂಭದ ನಡುವೆ ಇದ್ದದ್ದು ನಾಲ್ಕೈದು ವರ್ಷ. ಅಷ್ಟರೊಳಗೆ ‘ನಂದಿನಿ’ ಎಂದರೆ ಕೆಎಂಎಫ್ ಮಾತ್ರ ಎನ್ನುವಷ್ಟು ಹೆಸರು ಬೇರೂರಿತ್ತು ಎಂಬುದಕ್ಕೆ ಪುರಾವೆ ಇರಲಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ನೋಂದಣಿಗಾಗಿ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಹಾಲು, ತುಪ್ಪ 29ನೇ ವರ್ಗ. ಕಾಫಿ, ಚಹಾ 30. ಹೋಟೆಲ್ ಸೇವೆ 43. ಹಾಲು ಮಾರುವವರು 29ನೇ ವರ್ಗದಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಅದೇ ವರ್ಗದಲ್ಲಿ ಬರುವ ಮಾಂಸ, ಜಾಮ್‌ಗಳಿಗೂ ಆ ಹೆಸರು ಅವರದೇ ಆಗಿಬಿಡುವುದಿಲ್ಲ. ತಾವು ಮಾರುವುದೂ ಇಲ್ಲ, ಬೇರೆಯವರಿಗೆ ಬಿಡುವುದೂ ಇಲ್ಲ ಎಂದು ಇಡೀ ವರ್ಗಕ್ಕೆ ಬೇಲಿ ಹಾಕುವುದನ್ನು ಕೋರ್ಟ್ ಒಪ್ಪಲಿಲ್ಲ. ಹಾಲು ಮತ್ತು ಹಾಲಿನ ಉತ್ಪನ್ನಗಳ ಮೇಲಿನ ಹಕ್ಕನ್ನು ಹೋಟೆಲ್ ಬಿಟ್ಟುಕೊಟ್ಟಿತ್ತು. ಅವನ್ನು ಹೊರಗಿಟ್ಟು ಉಳಿದದ್ದಕ್ಕೆ ನೋಂದಣಿ ಸಿಕ್ಕಿತು.

ಅಂದರೆ ಕಾನೂನು ಕಾಯುವುದು ಬರೀ ಪದವನ್ನಲ್ಲ, ಆ ಪದ ನೋಡಿ ಕೊಳ್ಳುವ ಗ್ರಾಹಕನ ನಂಬಿಕೆಯನ್ನು. ಆ ನಂಬಿಕೆ ಹುಟ್ಟುವುದು ಬಳಕೆಯಿಂದ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಹಳೆಯ ಅಂಗಡಿಯ ಹೆಸರಿನ ಹಿಂದೆ ಊರಿನ ಹೆಸರು ಸೇರಿಸಿ ಇನ್ನೊಬ್ಬರು ಹಲ್ವಾ ಮಾರಲು ಹೊರಟಿದ್ದರು. ತಮಗೂ ನೋಂದಣಿ ಇದೆ ಎಂಬುದು ಅವರ ವಾದ. ಮೊದಲಿನಿಂದ ಬಳಸಿ ಹೆಸರು ಗಳಿಸಿದವರ ಹಕ್ಕು ನೋಂದಣಿಗಿಂತ ದೊಡ್ಡದು ಎಂದು ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ.

2025ರ ಆಗಸ್ಟ್‌ನಲ್ಲಿ ವಿಸ್ಕಿ ಬ್ರ್ಯಾಂಡ್‌ಗಳ ಸರದಿ. ‘ಬ್ಲೆಂಡರ್ಸ್ ಪ್ರೈಡ್’ ಕಂಪನಿಯು ‘ಲಂಡನ್ ಪ್ರೈಡ್’ ಹೆಸರಿನ ಮೇಲೆ ತಾತ್ಕಾಲಿಕ ತಡೆಯಾಜ್ಞೆ ಕೇಳಿತ್ತು. ‘ಪ್ರೈಡ್’ ಎಲ್ಲರೂ ಬಳಸುವ ಹೊಗಳಿಕೆಯ ಪದ. ಗುರುತನ್ನು ತುಂಡು ಮಾಡಿ ಒಂದು ಪದವನ್ನಷ್ಟೇ ಹಿಡಿದು ಹೋಲಿಸಬಾರದು, ಇಡಿಯಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನಿರಾಕರಿಸಿತು. ಔಷಧಿಗಳ ವಿಷಯದಲ್ಲಿ ಮಾತ್ರ ಅಳತೆಗೋಲು ಬಿಗಿ. ಹೆಸರು ತಪ್ಪಿದರೆ ಜೀವಕ್ಕೇ ಅಪಾಯವಾದ್ದರಿಂದ ಸಣ್ಣ ಹೋಲಿಕೆಯನ್ನೂ ಹಗುರವಾಗಿ ಬಿಡಬಾರದು ಎಂದು ಕ್ಯಾಡಿಲಾ ಪ್ರಕರಣದಲ್ಲಿ 2001ರಲ್ಲೇ ಹೇಳಿಯಾಗಿದೆ.

ಹೊಸದಾಗಿ ಹೆಸರಿಡುವವರು ಮಾಡಬೇಕಾದ್ದು ಇಷ್ಟು:

• ಹುಡುಕಿ: ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಬರಹವಷ್ಟೇ ಅಲ್ಲ, ಉಚ್ಚಾರಣೆ ಹೋಲುವ ಹೆಸರುಗಳನ್ನೂ ಹುಡುಕಿ. ನೋಂದಣಿಯಿಲ್ಲದ ಹಳೆಯ ಅಂಗಡಿಗಳಿಗೂ ಹಕ್ಕಿರುವುದರಿಂದ ಮಾರುಕಟ್ಟೆಯಲ್ಲೂ ವಿಚಾರಿಸಿ.

• ಹೆಸರು ಆಯ್ದುಕೊಳ್ಳಿ: ‘ಶುದ್ಧ ತುಪ್ಪ’ದಂಥ ವರ್ಣನೆಯ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ದೇವರ ಹೆಸರು ಸಿಕ್ಕರೂ ಅದರ ರಕ್ಷಣೆ ತೆಳು. ನೀವೇ ಕಟ್ಟಿದ ಪದಕ್ಕೆ ಬಲ ಹೆಚ್ಚು.

• ಅರ್ಜಿ ಹಾಕಿ: ಕರ್ನಾಟಕದವರಿಗೆ ಸೇರಿದ್ದು ಚೆನ್ನೈ ಕಚೇರಿ; ಆನ್‌ಲೈನಿನಲ್ಲೇ ಸಲ್ಲಿಸಬಹುದು. ಶುಲ್ಕ ಪ್ರತಿ ವರ್ಗಕ್ಕೆ ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅದರ ಉಚ್ಚಾರ ಮತ್ತು ಅರ್ಥ ಕೊಡಬೇಕು.

• ಗಡುವು ನೋಡಿಕೊಳ್ಳಿ: ಪರೀಕ್ಷಾ ವರದಿಯಲ್ಲಿ ತಕರಾರಿದ್ದರೆ 30 ದಿನದೊಳಗೆ ಉತ್ತರಿಸಬೇಕು. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ನೋಂದಣಿ 10 ವರ್ಷಕ್ಕೆ; ಮತ್ತೆ ಮತ್ತೆ ನವೀಕರಿಸಬಹುದು.

• ದಾಖಲೆ ಇಟ್ಟುಕೊಳ್ಳಿ: ಮೊದಲ ಬಿಲ್ಲು, ಲೈಸೆನ್ಸು, ಜಾಹೀರಾತು, ದಿನಾಂಕವಿರುವ ಬೋರ್ಡಿನ ಫೋಟೊ. ‘ನಾನೇ ಮೊದಲು’ ಎನ್ನಲು ಸಾಕ್ಷಿ ಇವೇ. ಜೊತೆಗೆ ಬಳಕೆಯೂ ನಿಲ್ಲಬಾರದು. ನೋಂದಾಯಿಸಿದ ಹೆಸರನ್ನು ಸತತ ಐದು ವರ್ಷ ಬಳಸದಿದ್ದರೆ ಅದನ್ನು ತೆಗೆದುಹಾಕಿ ಎಂದು ಬೇರೆಯವರು ಕೇಳಬಹುದು.

ಒಂದು ಕಿವಿಮಾತು. ಅರ್ಜಿ ತುಂಬುವಾಗ ‘ಇಡೀ ವರ್ಗ ಹಾಕಿಬಿಡಿ’ ಎನ್ನುವ ಏಜೆಂಟರ ಮಾತಿಗೆ ತಲೆಯಾಡಿಸಬೇಡಿ. ಈಗ ಮಾರುತ್ತಿರುವ, ಮುಂದೆ ನಿಜವಾಗಿ ಮಾರಲಿರುವ ಸರಕುಗಳನ್ನು ಬಿಡಿಬಿಡಿಯಾಗಿ ಬರೆಸಿ. ವ್ಯಾಜ್ಯ ಬಂದ ದಿನ ಕೋರ್ಟ್ ಮೊದಲು ಕೇಳುವುದು ನೀವು ಏನು ಮಾರುತ್ತಿದ್ದೀರಿ, ಎಂದಿನಿಂದ ಮಾರುತ್ತಿದ್ದೀರಿ ಎಂದೇ.