ಜಪಾನಿನ ಜೋಲುಚೆರಿ: ಮನೆಯಂಗಳದಲ್ಲಿ ಅದರ ಆರೈಕೆ

ಜಪಾನಿನ ಕ್ಯೋಟೋ ನಗರದಲ್ಲಿ ಮಾರುಯಾಮಾ ಎಂಬ ಉದ್ಯಾನವಿದೆ. ಮಾರ್ಚ್ ಕಳೆದು ಏಪ್ರಿಲ್ ಕಾಲಿಡುವ ದಿನಗಳಲ್ಲಿ ಅಲ್ಲಿಯ ಒಂದೇ ಒಂದು ಮರದ ಸುತ್ತ ಜನ ಕಿಕ್ಕಿರಿದು ನೆರೆಯುತ್ತಾರೆ. ಎಲೆಗಳಿನ್ನೂ ಮೂಡಿರುವುದಿಲ್ಲ, ಮೇಲಿನಿಂದ ನೆಲದವರೆಗೆ ಇಳಿಬಿದ್ದ ತೆಳುಗೊಂಬೆಗಳ ತುಂಬ ನಸುಗೆಂಪು ಹೂಗಳು. ಇರುಳಾದ ಮೇಲೆ ದೀಪದ ಬೆಳಕಿನಲ್ಲಿ ಆ ಮರ ಹೂವಿನ ಜಲಪಾತದಂತೆ ಕಾಣುತ್ತದೆ. ಇಂಗ್ಲಿಷರು ಈ ಜಾತಿಯನ್ನು ‘ಅಳುವ ಚೆರಿ’ ಎಂದು ಕರೆದರು. ಜಪಾನೀಯರು ಇಟ್ಟ ‘ಶಿದರೆಜಾಕುರಾ’ ಎಂಬ ಹೆಸರಿನಲ್ಲಾದರೋ ಕಣ್ಣೀರಿನ ಸುಳಿವಿಲ್ಲ. ಜೋತುಬಿದ್ದ ಚೆರಿ ಎಂದಷ್ಟೇ ಅದರ ಅರ್ಥ.

ಇಷ್ಟೊಂದು ಕೋಮಲವಾಗಿ ಕಾಣುವ ಈ ವೃಕ್ಷ ವಾಸ್ತವವಾಗಿ ದೀರ್ಘಾಯುಷಿ. ಫುಕುಶಿಮಾ ಪ್ರಾಂತದ ಮಿಹಾರು ಎಂಬ ಊರಿನಲ್ಲಿರುವ ‘ತಾಕಿಜಾಕುರಾ’, ಅಂದರೆ ಜಲಪಾತದ ಚೆರಿ, ಸಾವಿರ ವರ್ಷಗಳನ್ನು ಮೀರಿದ್ದೆಂದು ಪ್ರಸಿದ್ಧವಾಗಿದೆ. ಅದರ ಎತ್ತರ ೧೩.೫ ಮೀಟರು, ಪೂರ್ವದಿಂದ ಪಶ್ಚಿಮಕ್ಕೆ ಕೊಂಬೆಗಳ ಹರವು ಸುಮಾರು ೨೫ ಮೀಟರು. ೧೯೨೨ರಲ್ಲಿಯೇ ಜಪಾನ್ ಸರಕಾರ ಅದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು. ೨೦೦೫ರ ಜನವರಿಯಲ್ಲಿ ಬಿದ್ದ ಭಾರಿ ಹಿಮದ ಹೊರೆಗೆ ಅದರ ಹತ್ತಾರು ಕೊಂಬೆಗಳು ಮುರಿದಾಗ ಊರಿನವರೇ ಹಿಮವನ್ನು ಸರಿಸಿ, ಉಳಿದ ಕೊಂಬೆಗಳಿಗೆ ಮರದ ಆನಿಕೆಗಳನ್ನು ಕೊಟ್ಟರು. ಆರೈಕೆಯಿಲ್ಲದ ಆಯುಷ್ಯ ಈ ಮರಕ್ಕೂ ಇಲ್ಲ.

ಕೊಂಬೆ ಬಾಗುವುದೇಕೆ?

ಮನೆಯ ಮುಂದಿನ ಅಶೋಕದ ಕೊಂಬೆಗಳು ಕೆಳಕ್ಕೆ ಇಳಿದಿರುವುದನ್ನು ನಮ್ಮವರು ದಿನವೂ ಕಾಣುತ್ತಾರೆ. ಜೋಲುಚೆರಿಯ ಬಾಗು ಅದಕ್ಕಿಂತ ಹೆಚ್ಚು. ಎಳೆಯ ಚಿಗುರು ಉದ್ದವಾಗಿ ಬೆಳೆಯುತ್ತದೆ. ಆದರೆ ತನ್ನ ಭಾರವನ್ನು ತಾನೇ ಹೊರುವಷ್ಟು ಗಟ್ಟಿಯಾದ ಕಟ್ಟಿಗೆ ಅದರೊಳಗೆ ಸಕಾಲದಲ್ಲಿ ಕೂಡಿಬರುವುದಿಲ್ಲ. ಸಸ್ಯಗಳ ಬೆಳವಣಿಗೆಯನ್ನು ನಿಯಂತ್ರಿಸುವ ಜಿಬ್ಬರೆಲಿನ್ ಎಂಬ ರಸವನ್ನು ಇಂಥ ಚಿಗುರಿಗೆ ಲೇಪಿಸಿದಾಗ ಅದು ನೆಟ್ಟಗೆ ಮೇಲಕ್ಕೆ ಬೆಳೆದುದನ್ನು ಜಪಾನಿನ ವಿಜ್ಞಾನಿಗಳು ಕಂಡಿದ್ದಾರೆ.

ಬೀಜದಿಂದ ಹುಟ್ಟಿದ ಸಸಿಗಳೆಲ್ಲವೂ ತಾಯಿಮರದಂತೆ ಬಾಗುತ್ತವೆಂಬ ಭರವಸೆಯಿಲ್ಲ. ಆದುದರಿಂದ ತೋಟಗಾರರು ಸಾಮಾನ್ಯವಾಗಿ ಬೇರೊಂದು ಚೆರಿಯ ಬುಡಕ್ಕೆ ಜೋಲುಚೆರಿಯ ಕಡ್ಡಿಯನ್ನು ಕಸಿಮಾಡುತ್ತಾರೆ. ಇಂಥ ಗಿಡವನ್ನು ಕೊಂಡುತಂದವರು ಒಂದು ಎಚ್ಚರವನ್ನು ಎಂದಿಗೂ ಬಿಡಬಾರದು. ಕಸಿಯ ಗಂಟಿನ ಕೆಳಗಿನಿಂದ ನೆಟ್ಟಗೆ ಹೊರಡುವ ಚಿಗುರು ಜೋಲುಚೆರಿಯದಲ್ಲ, ಬುಡದ ಮರದ್ದು. ಕಂಡೊಡನೆ ಅದನ್ನು ಬುಡದಿಂದಲೇ ತೆಗೆಯಬೇಕು. ಸೊಂಪಾಗಿದೆಯೆಂದು ಉಳಿಸಿಕೊಂಡರೆ ಕೆಲವೇ ವರ್ಷಗಳಲ್ಲಿ ಅದು ಒಡತಿಯನ್ನು ಹೊರಗೆ ಹಾಕಿ ತಾನೇ ಮನೆಯನ್ನು ಆಕ್ರಮಿಸುತ್ತದೆ.

ನೆಡುವ ಕ್ರಮ

ಎಲೆಗಳು ಉದುರಿದ ಮೇಲೆ, ಹೊಸ ಮೊಗ್ಗು ಮೂಡುವ ಮೊದಲು ಗಿಡವನ್ನು ನೆಡುವುದು ವಾಡಿಕೆ. ಬಿಸಿಲು ಧಾರಾಳವಾಗಿ ಬೀಳುವ, ನೀರು ನಿಲ್ಲದ ನೆಲವೇ ಬೇಕು. ತಗ್ಗಿನಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಂಥ ಕಡೆ ಮಣ್ಣನ್ನು ದಿಬ್ಬವಾಗಿ ಏರಿಸಿ ನೆಡುವುದು ಕ್ಷೇಮ. ಕಸಿಯ ಗಂಟು ಮಣ್ಣಿನೊಳಗೆ ಹೂತುಹೋಗಬಾರದು. ಇಂದು ಮೊಳದುದ್ದದ ಗಿಡವೆಂದು ಗೋಡೆಗೆ ಒತ್ತಿ ನೆಟ್ಟವರು ಮುಂದೆ ಕೊಡಲಿಯನ್ನು ಹುಡುಕಬೇಕಾಗುತ್ತದೆ.

ಮರ ಎತ್ತರವಾಗಬೇಕಾದರೆ ಒಂದು ಬಲವಾದ ಚಿಗುರನ್ನು ಆರಿಸಿ, ಬಿದಿರಿನ ಗಳುವಿಗೆ ಸಡಿಲವಾಗಿ ಕಟ್ಟಿ, ಅದು ಗಟ್ಟಿಯಾಗುವವರೆಗೆ ನೆಟ್ಟಗೆ ನಡೆಸಬೇಕು. ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರು ಆಳಕ್ಕಿಳಿಯುವಂತೆ ಹಾಯಿಸಬೇಕು. ಬುಡದ ಸುತ್ತ ತರಗೆಲೆಯ ಹೊದಿಕೆ ಒಳ್ಳೆಯದು; ಆದರೆ ಅದು ಕಾಂಡವನ್ನು ತಾಗಬಾರದು. ಚೆರಿಯ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡುತ್ತವೆ. ಹೂ ನೋಡಲು ಬಂದವರು ಬುಡದಲ್ಲಿ ತಿರುಗಾಡಿ ಮಣ್ಣನ್ನು ಗಟ್ಟಿಯಾಗಿ ತುಳಿಯುವುದೂ ಮರಕ್ಕೆ ಕೇಡೇ. ಹೆಸರಾಂತ ಮರಗಳ ಸುತ್ತ ಬೇಲಿ ಇರುವುದು ಇದಕ್ಕಾಗಿಯೇ.

ಜಪಾನಿನ ತೋಟಗಾರರು ಚಳಿಗಾಲದಲ್ಲಿ ಒಮ್ಮೆ, ಹೂ ಮುಗಿದ ಮೇಲೆ ಇನ್ನೊಮ್ಮೆ ಗೊಬ್ಬರ ಕೊಡುತ್ತಾರೆ. ಎರಡನೆಯದಕ್ಕೆ ಅವರಿಟ್ಟ ಹೆಸರು ‘ಕೃತಜ್ಞತೆಯ ಗೊಬ್ಬರ’. ಹೂ ಕೊಟ್ಟು ದಣಿದ ಮರಕ್ಕೆ ಅದು ಮನೆಯವರು ಸಲ್ಲಿಸುವ ಉಪಚಾರ!

ಕತ್ತರಿಯ ಮಿತಿ

ಚೆರಿಯನ್ನು ಕಡಿಯುವವನು ಮೂರ್ಖ, ಉಮೆಯನ್ನು ಕಡಿಯದವನೂ ಮೂರ್ಖ ಎಂಬ ಗಾದೆ ಆ ನಾಡಿನಲ್ಲಿದೆ. ಉಮೆ ಚೆರಿಯ ಹತ್ತಿರದ ನಂಟ. ಕತ್ತರಿಸಿದಷ್ಟೂ ಚೆನ್ನಾಗಿ ಚಿಗುರುತ್ತದೆ. ಚೆರಿಯ ಗಾಯವಾದರೋ ಬೇಗ ಮಾಯುವುದಿಲ್ಲ. ಅಲ್ಲಿಂದ ಶಿಲೀಂಧ್ರ ಒಳಹೊಕ್ಕು ಕಾಂಡವನ್ನೇ ಟೊಳ್ಳು ಮಾಡುತ್ತದೆ. ಹಾಗೆಂದು ಕತ್ತರಿಯನ್ನು ಮುಟ್ಟಲೇಬಾರದೆಂದಲ್ಲ. ಒಣಗಿದ, ಮುರಿದ, ಒಂದನ್ನೊಂದು ಉಜ್ಜುವ ಕೊಂಬೆಗಳನ್ನು ಮರ ಮಲಗಿರುವ ಚಳಿಗಾಲದಲ್ಲಿ ಹರಿತವಾದ, ಶುದ್ಧವಾದ ಉಪಕರಣದಿಂದ ತೆಗೆದು, ಗಾಯಕ್ಕೆ ಲೇಪ ಹಚ್ಚುತ್ತಾರೆ. ಒಂದೇ ಕಡೆ ಪೊರಕೆಯಂತೆ ಒತ್ತಾಗಿ ಬೆಳೆದು ಹೂ ಬಿಡದ ರೆಂಬೆಗಳು ಕಂಡರೆ ಅದು ಶಿಲೀಂಧ್ರರೋಗದ ಗುರುತು. ಅವನ್ನು ಕತ್ತರಿಸಿ ಸುಡುವುದೇ ಉಪಾಯ.

ಈಚಿನ ವರ್ಷಗಳಲ್ಲಿ ಹೊಸ ಶತ್ರುವೊಂದು ಬಂದಿದೆ. ಕಪ್ಪು ಮೈಯ, ಕೆಂಪು ಕೊರಳಿನ, ಉದ್ದ ಮೀಸೆಯ ಈ ದುಂಬಿ ೨೦೧೨ರಲ್ಲಿ ಐಚಿ ಪ್ರಾಂತದಲ್ಲಿ ಪತ್ತೆಯಾಯಿತು. ಅದರ ಮರಿಹುಳು ತೊಗಟೆಯ ಒಳಗೆ ಕೊರೆದು ಮರವನ್ನೇ ಕೊಲ್ಲಬಲ್ಲುದು. ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದ್ದರೆ ಮನೆಯವರು ತಡಮಾಡದೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು.

ಕನ್ನಡನಾಡಿನಲ್ಲಿ ಬೆಳೆದೀತೇ?

ವಾಚಕರಲ್ಲಿ ಈ ಪ್ರಶ್ನೆ ಏಳುವುದು ಸಹಜ. ಚೆರಿಯ ಮೊಗ್ಗು ಸರಿಯಾಗಿ ಅರಳಬೇಕಾದರೆ ಅದಕ್ಕೆ ಮೊದಲು ವಾರಗಟ್ಟಲೆ ಚಳಿ ತಗುಲಬೇಕು. ನಮ್ಮ ಬಯಲುಸೀಮೆಯಾಗಲಿ ಬೆಂಗಳೂರಾಗಲಿ ಅಂಥ ಚಳಿಯನ್ನು ಕೊಡಲಾರವು. ಬೆಂಗಳೂರಿನ ಬೀದಿಗಳಲ್ಲಿ ನಸುಗೆಂಪಾಗಿ ಅರಳುವ ಟೆಬೆಬುಯಾವನ್ನು ಕೆಲವರು ಚೆರಿಯೆನ್ನುವುದುಂಟು. ಅದು ಅಮೆರಿಕಾ ಖಂಡದಿಂದ ಬಂದ ಬೇರೊಂದು ಕುಲದ ಮರ. ಶೀತದೇಶಗಳಲ್ಲಿ ನೆಲೆಸಿದ ಕನ್ನಡಿಗರು ಮಾತ್ರ ತಮ್ಮ ಅಂಗಳದಲ್ಲಿ ಜೋಲುಚೆರಿಯನ್ನು ಧಾರಾಳವಾಗಿ ಬೆಳೆಸಬಹುದು.

ಮುಂದಿನ ತಲೆಮಾರಿನ ಗಿಡ

ಮಾರುಯಾಮಾದಲ್ಲಿ ಇಂದು ಹೂ ಬಿಡುತ್ತಿರುವುದು ಅಲ್ಲಿಯ ಮೊದಲ ಮರವಲ್ಲ. ಎರಡು ಶತಮಾನಗಳಿಗೂ ಮಿಗಿಲಾಗಿ ಬಾಳಿದ ಹಳೆಯ ಮರ ೧೯೪೭ರಲ್ಲಿ ಒಣಗಿಹೋಯಿತು. ಮಹಾಯುದ್ಧ ಮುಗಿದು ಎರಡೇ ವರ್ಷಗಳಾಗಿದ್ದವು; ಬಡತನದಲ್ಲಿ ಬಳಲುತ್ತಿದ್ದ ಜನರಿಗೆ ಅದೂ ಒಂದು ನಷ್ಟ. ಆದರೆ ಕ್ಯೋಟೋದ ತೋಟಗಾರ ಮನೆತನದ ಹದಿನೈದನೆಯ ಸಾನೋ ತೋಎಮೊನ್, ೧೯೨೮ರಲ್ಲಿಯೇ ಆ ಮರದ ಬೀಜಗಳನ್ನು ಆಯ್ದು ತಮ್ಮ ಹೊಲದಲ್ಲಿ ಸಸಿಗಳನ್ನು ಬೆಳೆಸಿದ್ದರು. ಅವುಗಳಲ್ಲಿ ಒಂದನ್ನು ೧೯೪೯ರಲ್ಲಿ ತಾಯಿ ನಿಂತಿದ್ದ ಉದ್ಯಾನದಲ್ಲಿಯೇ ನೆಡಲಾಯಿತು.

ಹಳೆಯ ಮರ ಹೂ ಬಿಡುತ್ತಿದ್ದಾಗಲೇ, ಅದು ಸಾಯುವ ಹತ್ತೊಂಬತ್ತು ವರ್ಷ ಮೊದಲೇ, ಅದರ ಉತ್ತರಾಧಿಕಾರಿಯ ಚಿಂತೆ ಒಬ್ಬ ತೋಟಗಾರನಿಗಿತ್ತು. ನೀರು, ಗೊಬ್ಬರ, ಆನಿಕೆಗಳಷ್ಟೇ ಈ ಮರದ ಆರೈಕೆಯಲ್ಲ. ಅಂಗಳದ ಜೋಲುಚೆರಿ ಸೊಂಪಾಗಿ ನಿಂತಿರುವಾಗಲೇ ಅದರದೊಂದು ಕಡ್ಡಿಯನ್ನು ಕಸಿಮಾಡಿ ಇನ್ನೊಂದು ಮೂಲೆಯಲ್ಲಿ ಬೆಳೆಸಿದವರ ಮಕ್ಕಳು ಹೂವಿಲ್ಲದ ವಸಂತವನ್ನು ಕಾಣಬೇಕಾಗುವುದಿಲ್ಲ.