60 ತಂಡಗಳಿಂದ 360ಕ್ಕೆ: ಕರಡದ ಮೈದಾನದ ಪಾಠ

ಪದವಿ ಮುಗಿಸಿದ ಮಗನೋ ಮಗಳೋ 'ನೌಕರಿ ಬೇಡ, ಸ್ವಂತದ್ದೇನಾದರೂ ಶುರು ಮಾಡುತ್ತೇನೆ' ಎಂದರೆ ಕೊಡಗಿನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ 'ದುಡ್ಡೆಲ್ಲಿದೆ?' ಎಂಬುದು. ಕಾಫಿ ಬೆಲೆಯ ಏರಿಳಿತವನ್ನೂ ಮಳೆಯ ಮುನಿಸನ್ನೂ ಕಂಡುಂಡ ಹಿರಿಯರು ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೊಸದಾಗಿ ಹುಟ್ಟಿದ ಕೆಲಸವೊಂದು ಮೊದಲ ಎರಡು ಮೂರು ವರ್ಷ ಉಸಿರು ಹಿಡಿದು ನಿಲ್ಲುವುದು ದುಡ್ಡಿನ ಬಲದಿಂದ ಮಾತ್ರವಲ್ಲ; ಅದನ್ನು ಆರಂಭಿಸಿದವರ ಮುಂದಾಳುತನದಿಂದಲೂ ಹೌದು. ಇದಕ್ಕೆ ಉದಾಹರಣೆ ಹುಡುಕುತ್ತ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ವಿರಾಜಪೇಟೆ ಸಮೀಪದ ಕರಡ ಗ್ರಾಮದವರೆಗೆ ಹೋದರೆ ಸಾಕು.

1997ರಲ್ಲಿ ಅಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯೊಂದು ನಡೆಯಿತು. ಅದರ ಹಿಂದೆ ಇದ್ದವರು ಬ್ಯಾಂಕ್ ಸೇವೆಯಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪ. ಆ ವರ್ಷ ಕಣಕ್ಕಿಳಿದದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ ಆಡಿದ್ದು 360 ತಂಡಗಳು. ಅಷ್ಟು ತಂಡಗಳ ಆ ಉತ್ಸವ ಗಿನ್ನೆಸ್ ದಾಖಲೆಯನ್ನೂ ಸೇರಿತು. ಲಾಭಕ್ಕಾಗಿ ಹುಟ್ಟಿದ ಸಂಸ್ಥೆ ಇದಲ್ಲ, ನಿಜ. ಆದರೆ ಏನೂ ಇಲ್ಲದ ಕಡೆ ಒಂದು ವ್ಯವಸ್ಥೆಯನ್ನು ಕಟ್ಟುವವರು ಎದುರಿಸುವ ಪ್ರಶ್ನೆಗಳೆಲ್ಲ ಇಲ್ಲಿಯೂ ಇದ್ದವು.

ಕೊರತೆ ಎಲ್ಲಿದೆ?

ಕೊಡಗಿಗೆ ಹಾಕಿ ಹೊಸದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಎಂ.ಪಿ. ಗಣೇಶ್, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಈ ನೆಲದವರೇ. ಆಟವಿತ್ತು, ಆಟಗಾರರಿದ್ದರು. ಸಡಿಲವಾಗುತ್ತಿದ್ದದ್ದು ಕುಟುಂಬದ ನಂಟು. ಒಂದೇ ಐನ್‌ಮನೆಯ ಮಕ್ಕಳು ಸೇನೆ, ನೌಕರಿ, ವ್ಯಾಪಾರವೆಂದು ಊರೂರು ಸೇರಿ, ಪರಸ್ಪರ ಮುಖ ಪರಿಚಯವೂ ಇಲ್ಲದಂತಾಗುತ್ತಿದ್ದ ಕಾಲ ಅದು. ಕುಟ್ಟಪ್ಪನವರು ಕಂಡುಕೊಂಡದ್ದು ಈ ಕೊರತೆಯನ್ನು. ಅದಕ್ಕೆ ಬಳಸಿಕೊಂಡದ್ದು ಜನರ ಕೈಯಲ್ಲಿ ಆಗಲೇ ಇದ್ದ ಹಾಕಿ ಕೋಲನ್ನು.

ಉದ್ಯಮಕ್ಕೆ ಇಳಿಯುವ ವಿದ್ಯಾರ್ಥಿಗೆ ಇದು ಮೊದಲ ಪಾಠ. 'ನನ್ನಲ್ಲಿ ಒಳ್ಳೆಯ ಐಡಿಯಾ ಇದೆ' ಎನ್ನುವುದು ಸುಲಭ. 'ಯಾರಿಗೆ ಯಾವ ಕೊರತೆ ಇದೆ' ಎಂದು ತಿಳಿಯುವುದು ಕಷ್ಟ. ಪಕ್ಕದ ಮನೆಯವರೂ ಕಾಫಿ ಪುಡಿ ಮಾರುತ್ತಾರೆ, ಹೋಂಸ್ಟೇ ನಡೆಸುತ್ತಾರೆ ಎಂಬುದು ನಾವೂ ಅದನ್ನೇ ಆರಂಭಿಸಲು ಕಾರಣವಾಗದು.

ನಿಯಮ ಸರಳ, ಬಾಗಿಲು ವಿಶಾಲ

ತಂಡ ಕಟ್ಟಲು ಬೇಕಾದ ಅರ್ಹತೆ ಮುಖ್ಯವಾಗಿ ಒಂದೇ: ಎಲ್ಲರೂ ಒಂದೇ ಒಕ್ಕಕ್ಕೆ ಸೇರಿದವರಾಗಿರಬೇಕು. ಹೀಗಾಗಿ ರಾಷ್ಟ್ರೀಯ ಆಟಗಾರನ ಪಕ್ಕದಲ್ಲಿ ಶಾಲಾ ಬಾಲಕ, ಅಣ್ಣನ ಜೊತೆ ತಂಗಿ, ಮಗನ ಜೊತೆ ಅಪ್ಪ ಆಡುವುದು ಇಲ್ಲಿ ಸಾಮಾನ್ಯ. ನುರಿತವರಿಗೆ ಮಾತ್ರ ಎಂದಿದ್ದರೆ ಬೆರಳೆಣಿಕೆಯ ತಂಡಗಳು ಬರುತ್ತಿದ್ದವು. ಯಾರನ್ನು ಒಳಗೆ ಸೇರಿಸಬೇಕು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಮುಂದಾಳಿನ ಕೆಲಸ.

ಬಿಟ್ಟುಕೊಡುವ ಧೈರ್ಯ

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಎರಡನೇ ವರ್ಷದ್ದು. 1998ರಲ್ಲಿ ಪಂದ್ಯಾವಳಿಯ ಹೊಣೆ ಕೋಡಿರ ಕುಟುಂಬಕ್ಕೆ ಹೋಯಿತು, ಕಪ್‌ನ ಹೆಸರೂ ಬದಲಾಯಿತು. ವರ್ಷಕ್ಕೊಂದು ಕುಟುಂಬ ಮುಂದೆ ಬಂದು, ಹಣ ಹೊಂದಿಸಿ, ಮೈದಾನ ಸಿದ್ಧಪಡಿಸಿ, ತನ್ನ ಹೆಸರಿನಲ್ಲಿ ಕಪ್ ನಡೆಸುವುದು ಪದ್ಧತಿಯಾಯಿತು. ಖರ್ಚಿನ ಭಾರ ಒಬ್ಬರ ಮೇಲೆ ಕೂರಲಿಲ್ಲ. ಗೌರವವೂ ಒಬ್ಬರಲ್ಲೇ ಉಳಿಯಲಿಲ್ಲ. ವರ್ಷ ವರ್ಷವೂ 'ಪಾಂಡಂಡ ಕಪ್' ಎಂದೇ ಉಳಿದಿದ್ದರೆ ಉಳಿದ ಕುಟುಂಬಗಳು ಅತಿಥಿಗಳಾಗಿಯೇ ಇರುತ್ತಿದ್ದವು.

ಈ ವ್ಯವಸ್ಥೆಯ ಗಟ್ಟಿತನ ಕಷ್ಟಕಾಲದಲ್ಲಿ ತಿಳಿಯಿತು. 2018ರ ಮಳೆ ಮತ್ತು ಭೂಕುಸಿತ, ಅದರ ಹಿಂದೆಯೇ ಕೊರೊನಾ ಬಂದು ಉತ್ಸವಕ್ಕೆ ಕೆಲವು ವರ್ಷ ತಡೆಯಾಯಿತು. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ಆದರೂ 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ಮತ್ತೆ ಕಪ್ ನಡೆಸಿತು. ಆರಂಭಿಸಿದವರು ಇಲ್ಲದಾಗಲೂ ಕೆಲಸ ನಡೆದರೆ, ಅದೇ ನಿಜವಾದ ಯಶಸ್ಸು.

ವೇಗಕ್ಕೂ ಮಿತಿ ಉಂಟು

ಕ್ರೀಡೋತ್ಸವಕ್ಕೂ ಕಂಪನಿಗೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಕಂಪನಿ ಪ್ರತಿ ತಿಂಗಳೂ ಸಂಬಳ ಕೊಡಬೇಕು, ಸಾಲ ತೀರಿಸಬೇಕು. ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಕಥೆ ಇಲ್ಲಿ ನೆನಪಾಗುತ್ತದೆ. ಸೇನೆ ಬಿಟ್ಟು ಕೃಷಿಗಿಳಿದ ಅವರು, ಕರಡದಲ್ಲಿ ಹಾಕಿ ಆರಂಭವಾದ 1997ರಲ್ಲೇ ಹೆಲಿಕಾಪ್ಟರ್ ಸೇವೆ ಶುರು ಮಾಡಿದರು. 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಹಾರಿಸಿ, ವಿಮಾನವನ್ನು ದೂರದಿಂದಷ್ಟೇ ನೋಡಿದ್ದ ಜನರನ್ನು ಅದರೊಳಗೆ ಕೂರಿಸಿದರು. ಬೇಡಿಕೆಯ ಬಗೆಗಿನ ಅವರ ಎಣಿಕೆ ಸರಿಯಾಗಿತ್ತು. ಆದರೆ ಸಂಸ್ಥೆ ಬೆಳೆದಂತೆ ನಷ್ಟವೂ ಬೆಳೆಯಿತು. 2007ರಲ್ಲಿ ಅದರ ಪಾಲು ಕಿಂಗ್‌ಫಿಷರ್ ಒಡೆತನದ ಸಮೂಹಕ್ಕೆ ಹೋಯಿತು, ಮುಂದೆ ಡೆಕ್ಕನ್ ಹೆಸರೂ ಮರೆಯಾಯಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳೇ ನಿಂತವು. ಗಿರಾಕಿಗಳು ತುಂಬಿದ್ದಾರೆ ಎಂಬುದು ಬೇರೆ, ಗಲ್ಲಾಪೆಟ್ಟಿಗೆ ತುಂಬಿದೆ ಎಂಬುದು ಬೇರೆ.

ಪಾಲಕರು ಏನು ಮಾಡಬೇಕು?

ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದೂ ಬೇಡ, ತೋಟ ಅಡವಿಟ್ಟು ಬಂಡವಾಳ ಕೊಡುವುದೂ ಬೇಡ. ಒಂದು ಹಂಗಾಮಿನ ಮಟ್ಟಿಗೆ ಚಿಕ್ಕದಾಗಿ ಪ್ರಯತ್ನಿಸಲು ಬಿಡಿ. ಎಷ್ಟು ಹಣ ಹೋದರೂ ಮನೆ ತಡೆದುಕೊಳ್ಳಬಲ್ಲದು ಎಂಬುದನ್ನು ಒಟ್ಟಿಗೆ ಕುಳಿತು ಮೊದಲೇ ಬರೆದಿಡಿ. ಪ್ರತಿ ತಿಂಗಳೂ ಲೆಕ್ಕ ಕೇಳಿ. ಬೈಯುವುದಕ್ಕಲ್ಲ, ಅರ್ಥ ಮಾಡಿಕೊಳ್ಳುವುದಕ್ಕೆ. ಪರಿಚಯದ ನಂಟರಲ್ಲದವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆಯೇ, ಒಮ್ಮೆ ಕೊಂಡವರು ಮತ್ತೆ ಬರುತ್ತಿದ್ದಾರೆಯೇ ಎಂದು ವಿಚಾರಿಸಿ.

ವಿದ್ಯಾರ್ಥಿಗಳೂ ಅಷ್ಟೆ. ಕಾಲೇಜಿನ ಪ್ರವಾಸವನ್ನೋ ವಾರ್ಷಿಕೋತ್ಸವವನ್ನೋ ಹೊಣೆ ಹೊತ್ತು ನಡೆಸಿ, ಲೆಕ್ಕ ಒಪ್ಪಿಸಿ, ಮರುವರ್ಷ ಆ ಕೆಲಸವನ್ನು ಕಿರಿಯರಿಗೆ ಕಲಿಸಿ ಕೊಟ್ಟು ನೋಡಲಿ. ನೀವು ಪಕ್ಕಕ್ಕೆ ಸರಿದ ಮೇಲೂ ಅದು ಸುಸೂತ್ರವಾಗಿ ನಡೆದರೆ, ಮುಂದಾಳುತನದ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ.